ನಿವೃತ್ತಿಯ ನಂತರ ಕರಾವಳಿ ಸೈಕಲ್ ಪ್ರವಾಸ: ಕೊಪ್ಪಳ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನು ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ವರ್ಷವರ್ಷವೂ ನಕಾಶೆಯ ಮೇಲೆ ಕೋಲಿಟ್ಟು ತೋರಿಸುತ್ತಿದ್ದೆ. ಅರವತ್ತು ತುಂಬಿ ನಿವೃತ್ತನಾದ ಮೇಲೆ ಗೆಳೆಯರೊಬ್ಬರ ಜೊತೆಗೂಡಿ ಮೂರು ಚಳಿಗಾಲಗಳಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಸೈಕಲ್ ತುಳಿದೆ. ಅಂದಿನಿಂದ ಕೊಪ್ಪಳ, ಗಂಗಾವತಿ, ಹೊಸಪೇಟೆ, ಸಿಂಧನೂರಿನ ಅನೇಕ ನಿವೃತ್ತರು ಸಂತೆಯಲ್ಲಿ, ಮದುವೆಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಿಕೊಂಡು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ಅರವತ್ತು ದಾಟಿದವರಿಗೆ ಇದು ನಿಜಕ್ಕೂ ಸಾಧ್ಯವೇ?

ಸಾಧ್ಯ. ಆದರೆ ದಿನದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕುವ ಅಭ್ಯಾಸವನ್ನು ಮೊದಲು ಬಿಡಬೇಕು. ನಮ್ಮ ವಯಸ್ಸಿನವರನ್ನು ಕರಾವಳಿಯಲ್ಲಿ ಹೈರಾಣಾಗಿಸುವುದು ದೂರಕ್ಕಿಂತ ಹೆಚ್ಚಾಗಿ ಹೊತ್ತು. ಬೆಳಗಿನ ಏಳರಿಂದ ಹನ್ನೊಂದರವರೆಗೆ ನಡುನಡುವೆ ವಿಶ್ರಮಿಸುತ್ತ ತುಳಿದರೆ 40 ಕಿ.ಮೀ. ಸುಲಭವಾಗಿ ಸಾಗುತ್ತದೆ. ಅದೇ 40 ಕಿ.ಮೀ.ಯನ್ನು ಹತ್ತು ಗಂಟೆಗೆ ಹೊರಟು ಮುಗಿಸಲು ಹೋದವರು ಮರುದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಹನ್ನೊಂದು ಗಂಟೆಗೆ ಸೈಕಲ್ ನೆರಳಿಗೆ ಸೇರಿರಬೇಕು ಎಂಬ ಒಂದೇ ನಿಯಮವನ್ನು ನಾವು ಇಟ್ಟುಕೊಂಡಿದ್ದೆವು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ನಿಯಮದ ಸುತ್ತಲೇ ಹೆಣೆದುಕೊಂಡಿವೆ.

ಹೊರಡುವ ಮೊದಲು ವೈದ್ಯರಲ್ಲಿ ಏನನ್ನು ಕೇಳಬೇಕು?

"ನಾನು ಆರೋಗ್ಯವಾಗಿದ್ದೇನೆಯೇ" ಎಂದು ಕೇಳಿದರೆ ಉಪಯೋಗವಿಲ್ಲ. "ದಿನಕ್ಕೆ ನಾಲ್ಕು ಗಂಟೆಯಂತೆ ಒಂದು ವಾರಕ್ಕೂ ಹೆಚ್ಚು ಕಾಲ ಬಿಸಿಲಿನಲ್ಲಿ ಸೈಕಲ್ ತುಳಿಯುವವನಿದ್ದೇನೆ" ಎಂದು ಬಿಡಿಸಿ ಹೇಳಿ. ಆಗ ರಕ್ತದೊತ್ತಡ, ಸಕ್ಕರೆ, ಇಸಿಜಿ ಮತ್ತು ಅಗತ್ಯವೆನಿಸಿದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಅವರೇ ಬರೆದುಕೊಡುತ್ತಾರೆ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬೆವರು ಸುರಿಯುವ ದಿನಗಳಲ್ಲಿ ಅದರ ಪ್ರಮಾಣ ಹೇಗಿರಬೇಕೆಂದು ಮುಂಚೆಯೇ ಕೇಳಿಕೊಳ್ಳಬೇಕು. ತಾವಾಗಿಯೇ ಮಾತ್ರೆ ಬಿಡಬಾರದು. ಸಕ್ಕರೆ ಕಾಯಿಲೆ ಇರುವವರಿಗೆ ಮೂರು ಗಂಟೆ ತುಳಿದ ಮೇಲೆ ಸಕ್ಕರೆ ಏರುವುದಕ್ಕಿಂತ ಇಳಿಯುವ ಭಯವೇ ಹೆಚ್ಚು. ಗ್ಲುಕೋಮೀಟರ್ ಜೊತೆಗಿರಲಿ, ಬೆಲ್ಲದ ತುಂಡೋ ಗ್ಲೂಕೋಸ್ ಪುಡಿಯೋ ಚೀಲದ ತಳದಲ್ಲಿ ಹುಗಿದಿರದೆ ಅಂಗಿಯ ಜೇಬಿನಲ್ಲಿರಲಿ.

ಗಂಡಸರು ಹೇಳಲು ನಾಚುವ ಒಂದು ವಿಷಯವನ್ನೂ ಇಲ್ಲೇ ಬರೆಯುತ್ತೇನೆ. ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇರುವವರಿಗೆ ಸೀಟಿನ ಒತ್ತಡ ಹೆಚ್ಚು ಬಾಧಿಸುತ್ತದೆ. ನಡುವೆ ತಗ್ಗು ಇರುವ ಸೀಟನ್ನು ಹಾಕಿಸಿಕೊಳ್ಳಿ, ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತು ತುಳಿಯಿರಿ. ಅಲ್ಲಿ ಜೋಮು ಹಿಡಿದರೆ ಸಹಿಸಿಕೊಂಡು ಮುಂದೆ ಹೋಗದೆ ಆ ದಿನವನ್ನು ಅಲ್ಲಿಗೇ ನಿಲ್ಲಿಸಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಎರಡನೆಯ ವಾರದಿಂದ ಫೆಬ್ರುವರಿ ಮಧ್ಯದವರೆಗೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಸುರಿಯುವ ಮಳೆ ಸುಮಾರು 600 ಮಿ.ಮೀ. ಕರಾವಳಿಯಲ್ಲಿ ಅದು 3,000 ಮಿ.ಮೀ. ಮೀರುತ್ತದೆ ಮತ್ತು ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬೀಳುತ್ತದೆ. ಮಳೆಗಾಲದ ಹಸಿರು ಕಣ್ಣಿಗೆ ಹಬ್ಬವೆನ್ನುವುದು ನಿಜವಾದರೂ ಆ ಹಾದಿ ನಮಗಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಾವು ಸಾಗುವ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ. ಮೂರು ವಾರ ಕಳೆಯುವಷ್ಟರಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಶಿರೂರಿನ ಆ ಬರಿದಾದ ಕೆಂಪು ಗುಡ್ಡದ ಬುಡದಲ್ಲಿ ಈಗಲೂ ಮಾತಾಡುತ್ತ ಸಾಗಲು ನನಗೆ ಮನಸ್ಸು ಬರುವುದಿಲ್ಲ.

ಬಳ್ಳಾರಿ, ರಾಯಚೂರಿನ ಬಿಸಿಲು ಕಂಡವರು "ಮಾರ್ಚಿನಲ್ಲಿ ಹೋದರೇನು, ಅಲ್ಲಿ 34 ಡಿಗ್ರಿಯಷ್ಟೇ" ಎನ್ನುತ್ತಾರೆ. ನಮ್ಮದು ಒಣ ಸೆಕೆ, ಬೆವರು ಹೊರಬಂದ ಕೂಡಲೇ ಆರಿ ಮೈ ತಂಪಾಗುತ್ತದೆ. ಅಲ್ಲಿಯ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರದೆ ಮೈಮೇಲೇ ಹರಿಯುತ್ತದೆ ಮತ್ತು ದೇಹದ ಕಾವು ಇಳಿಯುವುದಿಲ್ಲ. ನಲವತ್ತು ಡಿಗ್ರಿಯಲ್ಲಿ ಹೊಲದಲ್ಲಿ ನಿಂತು ಅಭ್ಯಾಸವಿದ್ದ ನನ್ನ ಗೆಳೆಯರೇ ಭಟ್ಕಳದ ಹತ್ತಿರ 32 ಡಿಗ್ರಿಗೆ ತಲೆ ಸುತ್ತಿ ಕುಳಿತರು.

ಕಾರವಾರದಿಂದ ಮಂಗಳೂರಿಗೋ, ಮಂಗಳೂರಿನಿಂದ ಕಾರವಾರಕ್ಕೋ?

ಕಾರವಾರದಿಂದ ದಕ್ಷಿಣಕ್ಕೆ. ಒಣ ತಿಂಗಳುಗಳಲ್ಲಿ ಹೊತ್ತೇರಿದ ಮೇಲೆ ಕಡಲಿನ ಗಾಳಿ ವಾಯವ್ಯ ದಿಕ್ಕಿನಿಂದ ಬೀಸುತ್ತದೆ. ಹೀಗಾಗಿ ದಕ್ಷಿಣಕ್ಕೆ ಹೋಗುವವರಿಗೆ ಬೆನ್ನಿಗೆ ಆಸರೆ, ಉತ್ತರಕ್ಕೆ ಹೋಗುವವರಿಗೆ ಎದೆಗೆ ತಡೆ. ಎಡಬದಿಯಲ್ಲಿ ಸಾಗುವ ನಮಗೆ ಕಡಲು ರಸ್ತೆಯ ಆಚೆ ಬದಿಗೆ ಬರುತ್ತದೆ ಎಂಬುದೊಂದೇ ಇದರ ಕೊರತೆ. ಅದಕ್ಕೆ ಅಲ್ಲಲ್ಲಿ ನಿಂತು ನೋಡಿದರಾಯಿತು.

ಕೊಪ್ಪಳದಿಂದ ಕರಾವಳಿಯವರೆಗೆ ಸೈಕಲ್ ತುಳಿಯಬೇಕೇ, ಒಯ್ಯಬೇಕೇ?

ಮೊದಲ ಸಲ ಹೋಗುವವರು ಒಯ್ಯುವುದು ಉತ್ತಮ. ಕೊಪ್ಪಳದಿಂದ ಗದಗ ಸುಮಾರು 60 ಕಿ.ಮೀ., ಅಲ್ಲಿಂದ ಹುಬ್ಬಳ್ಳಿ ಮತ್ತೆ ಅಷ್ಟೇ. ಈ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಬೆಳಿಗ್ಗೆ ಪಶ್ಚಿಮಕ್ಕೆ ಸಾಗುವಾಗ ಸೂರ್ಯ ನಮ್ಮ ಬೆನ್ನಿಗಿದ್ದು, ಎದುರಿನಿಂದ ಬರುವ ಚಾಲಕರ ಕಣ್ಣಿಗೆ ಚುಚ್ಚುತ್ತಿರುತ್ತಾನೆ. ಅವರಿಗೆ ನಾವು ಕಾಣುವುದಿಲ್ಲ ಎಂದೇ ತಿಳಿದು ಅಂಚಿನಲ್ಲಿ ಸಾಗಬೇಕು. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೆದ್ದಾರಿ 52 ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತದೆ. ಯಲ್ಲಾಪುರದಲ್ಲಿ ರಾತ್ರಿ ತಂಗಿ, ಮುಂಜಾನೆಯೇ ಘಟ್ಟ ಇಳಿದವರಿಗೆ ಆ ಕಾಡಿನ ತಂಪು ಬಹುಕಾಲ ನೆನಪಿರುತ್ತದೆ. ಆದರೆ ಭಾರ ಹೇರಿದ ಲಾರಿಗಳು ಅದೇ ತಿರುವುಗಳಲ್ಲಿ ಇಳಿಯುತ್ತಿರುತ್ತವೆ. ಬ್ರೇಕನ್ನು ಒಂದೇ ಸಮ ಹಿಡಿದರೆ ರಿಮ್ ಕಾದು ಟ್ಯೂಬು ಸಿಡಿಯುವ ಅಪಾಯವೂ ಇದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ನಾಲ್ಕೈದು ತಿರುವಿಗೊಮ್ಮೆ ನಿಂತು ರಿಮ್ಮಿನ ಹತ್ತಿರ ಅಂಗೈ ಒಡ್ಡಿ ನೋಡಬೇಕು. ಕಾವು ಅಂಗೈಗೆ ತಾಗಿದರೆ ತಣಿಯುವವರೆಗೆ ಅಲ್ಲೇ ಕುಳಿತಿರಬೇಕು.

ಒಯ್ಯುವವರಿಗೆ ಎರಡು ದಾರಿಗಳಿವೆ. ಹೌರಾ ಮತ್ತು ವಾಸ್ಕೋ ನಡುವೆ ಓಡುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿಯ ಮೂಲಕ ಮಡಗಾಂವ್ ತಲುಪುತ್ತದೆ. ಅದು ಪ್ರತಿದಿನದ ಗಾಡಿಯಲ್ಲವಾದ್ದರಿಂದ ದಿನ ನೋಡಿಕೊಳ್ಳಬೇಕು. ಸೈಕಲ್ಲನ್ನು ನಿಲ್ದಾಣದ ಪಾರ್ಸಲ್ ಕಚೇರಿಯಲ್ಲಿ ಲಗೇಜ್ ಎಂದು ನೋಂದಾಯಿಸಿ ಬ್ರೇಕ್ ವ್ಯಾನಿಗೆ ಹಾಕಿಸಬೇಕು. ಮಡಗಾಂವ್‌ನಿಂದ ಕಾರವಾರಕ್ಕೆ ಇನ್ನೂ ಸುಮಾರು 70 ಕಿ.ಮೀ. ಉಳಿಯುತ್ತದೆ ಮತ್ತು ಕಾಣಕೋಣದ ಬಳಿ ಘಟ್ಟದ ಏರಿದೆ. ಪ್ರವಾಸದ ಮೊದಲ ದಿನಕ್ಕೆ ಅದನ್ನು ನಾನು ಸಲಹೆ ಮಾಡುವುದಿಲ್ಲ. ಎರಡನೆಯದು, ಹುಬ್ಬಳ್ಳಿಯಿಂದ ಕಾರವಾರದ ಬಸ್ಸು. ಮೇಲೆ ಕ್ಯಾರಿಯರ್ ಇರುವ ಬಸ್ಸಿನ ನಿರ್ವಾಹಕರನ್ನು ವಿನಯದಿಂದ ಕೇಳಿ, ಲಗೇಜ್ ಚೀಟಿ ಪಡೆದು, ಸೈಕಲ್ಲನ್ನು ನೀವೇ ನಿಂತು ಕಟ್ಟಿಸಿ. ನಾಲ್ಕು ಜನರಿದ್ದರೆ ಸಣ್ಣ ಸರಕು ವಾಹನವನ್ನು ಬಾಡಿಗೆಗೆ ಹಿಡಿಯುವುದೇ ಎಲ್ಲಕ್ಕಿಂತ ನಿಶ್ಚಿಂತೆ.

ದಿನದ ಹಂತಗಳನ್ನು ಹೇಗೆ ವಿಂಗಡಿಸಬೇಕು?

ಕಾರವಾರದಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 270 ಕಿ.ಮೀ. ಒಳದಾರಿಗಳನ್ನು ಸೇರಿಸಿದರೆ ಇನ್ನಷ್ಟಾಗುತ್ತದೆ. ಇದನ್ನು ಎಂಟು ದಿನ ತುಳಿಯುವುದು, ಎರಡು ದಿನ ತಂಗುವುದು ಎಂದು ಹಂಚಿಕೊಂಡರೆ ನಮ್ಮ ವಯಸ್ಸಿಗೆ ಒಪ್ಪುತ್ತದೆ.

ಕಾರವಾರದಿಂದ ಅಂಕೋಲಾಕ್ಕೆ ಸುಮಾರು 35 ಕಿ.ಮೀ. "ಕರಾವಳಿ ಎಂದರೆ ಸಪಾಟು" ಎಂಬ ನಂಬಿಕೆ ಮೊದಲ ದಿನವೇ ಅಳಿಯುತ್ತದೆ. ಇಲ್ಲಿ ಸಹ್ಯಾದ್ರಿಯ ಚಾಚುಗಳು ಕಡಲಿಗೇ ಇಳಿದಿವೆ, ಏರಿಳಿತಗಳು ಒಂದರ ಹಿಂದೊಂದು ಬರುತ್ತವೆ. ಕಾರವಾರ ದಾಟಿದ ಕೂಡಲೇ ಬಿಣಗಾದ ಕಡೆಗೆ ಹೋಗುವ ಸುರಂಗದೊಳಗೆ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಬೇಕು. ಹಿಂದಿನ ದಿನವೇ ಕಾರವಾರ ತಲುಪಿದವರು ಸಂಜೆ ಕಡಲ ದಂಡೆಯಲ್ಲಿ ಓಡಾಡಬಹುದು. 1883ರಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಇದ್ದರು. ದಂಡೆಗೆ ಅವರ ಹೆಸರೇ ಇದೆ.

ಎರಡನೆಯ ದಿನ ಅಂಕೋಲಾದಿಂದ ಮಾದನಗೇರಿಯಲ್ಲಿ ತಿರುಗಿ ಗೋಕರ್ಣ, ಸುಮಾರು 25 ಕಿ.ಮೀ. ದೂರ ಬೇಕೆಂದೇ ಕಡಿಮೆ ಇಟ್ಟಿದ್ದೇನೆ, ಏಕೆಂದರೆ ಮೈ ಹಿಡಿದುಕೊಳ್ಳುವುದು ಎರಡನೆಯ ದಿನವೇ. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಗುತ್ತವೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು ಪುಸ್ತಕದಿಂದ ಪಾಠ ಮಾಡಿದ್ದ ನಾನು, ಬೆಳಗಿನ ಬಿಸಿಲಿನಲ್ಲಿ ಉಪ್ಪು ರಾಶಿ ಬಿದ್ದಿರುವುದನ್ನು ಕಂಡು ಬಹಳ ಹೊತ್ತು ಅಲ್ಲೇ ನಿಂತೆ.

ಮೂರನೆಯ ದಿನ ಗೋಕರ್ಣದಿಂದ ಹೊನ್ನಾವರಕ್ಕೆ ಸುಮಾರು 40 ಕಿ.ಮೀ. ಹೆದ್ದಾರಿಗೆ ಮರಳುವ ಬದಲು ತದಡಿಗೆ ಹೋಗಿ, ದ್ವಿಚಕ್ರ ವಾಹನಗಳನ್ನೂ ಒಯ್ಯುವ ದೋಣಿಯಲ್ಲಿ ಅಘನಾಶಿನಿಯ ಅಳಿವೆಯನ್ನು ದಾಟಿ ಕುಮಟಾ ಸೇರಿ. ಸೈಕಲ್ಲನ್ನು ದೋಣಿಗೆ ಹತ್ತಿಸುವಾಗ ಮೀನಿನ ಬುಟ್ಟಿ ಹಿಡಿದು ಕುಳಿತಿದ್ದ ಅಜ್ಜಿಯೊಬ್ಬರು ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು ನಮ್ಮ ಚಕ್ರಕ್ಕೆ ಜಾಗ ಮಾಡಿಕೊಟ್ಟರು. ಯಾವ ಊರೆಂದು ಕೇಳಿ, ಕೊಪ್ಪಳವೆಂದಾಗ "ಅಲ್ಲಿ ಹೊಳೆ ಉಂಟಾ?" ಎಂದರು. ತುಂಗಭದ್ರೆಯ ವಿಷಯ ಹೇಳುವಷ್ಟರಲ್ಲಿ ದಡ ಬಂದಿತ್ತು.

ನಾಲ್ಕನೆಯ ದಿನ ಹೊನ್ನಾವರದ ಶರಾವತಿ ಸೇತುವೆಯನ್ನು ನಸುಕಿನಲ್ಲೇ ದಾಟಿದರೆ ಲಾರಿಗಳು ಕಡಿಮೆ. ಆಚೆ ದಡದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಮುರ್ಡೇಶ್ವರ 27 ಕಿ.ಮೀ. ದೂರದಲ್ಲಿದೆ, ಅಲ್ಲಿ ಒಂದು ದಿನ ಹೆಚ್ಚಿಗೆ ತಂಗಬಹುದು. ಐದನೆಯ ಹಂತ ಭಟ್ಕಳ, ಬೈಂದೂರಿನ ಮೂಲಕ ಮರವಂತೆಗೆ. 50 ಕಿ.ಮೀ. ದಾಟುವ ಈ ಹಂತವನ್ನು ಬೈಂದೂರಿನಲ್ಲಿ ಮುರಿದು ಎರಡು ದಿನ ಮಾಡಿಕೊಳ್ಳಲು ಸಂಕೋಚಪಡಬೇಡಿ. ಮರವಂತೆಯಲ್ಲಿ ಬಲಕ್ಕೆ ಅರಬ್ಬೀ ಸಮುದ್ರ, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಹದಿನೈದು ಹೆಜ್ಜೆ ಈಚೆ ಸಿಹಿನೀರಿನ ಮೇಲೆ ಒಂದು ಅಲೆಯೂ ಇಲ್ಲದೆ ತೆಂಗಿನ ನೆರಳು ಬಿದ್ದಿರುತ್ತದೆ, ಆಚೆ ಕಲ್ಲಿಗೆ ಬಡಿಯುವ ತೆರೆಯ ತುಂತುರು ಕನ್ನಡಕದ ಮೇಲೆ ಬಂದು ಕೂರುತ್ತದೆ. ಇಲ್ಲಿ ತುಳಿಯದೆ ಸೈಕಲ್ ತಳ್ಳಿಕೊಂಡು ನಡೆಯಿರಿ.

ಮರವಂತೆಯ ನಂತರ ಸಿಗುವ ಕುಂದಾಪುರದಿಂದ ಉಡುಪಿಗೆ ಸುಮಾರು 40 ಕಿ.ಮೀ., ನಾಲ್ಕು ಪಥದ ನೇರ ರಸ್ತೆ, ಬೇಗ ಮುಗಿಸಿಬಿಡಬೇಕಾದ ಹಂತ. ಉಡುಪಿಯ ಮುಂದೆ ಮಾತ್ರ ಹೆದ್ದಾರಿ ಬಿಡಬೇಕು. ಮಲ್ಪೆಯಿಂದ ಪಡುಕೆರೆ, ಮಟ್ಟು ಮಾರ್ಗವಾಗಿ ಕಾಪುವಿಗೆ ಕಡಲ ಪಕ್ಕದಲ್ಲೇ ಕಿರಿದಾದ ರಸ್ತೆ ಇದೆ. ಲಾರಿ ಇಲ್ಲ, ಏರಿಲ್ಲ, ಮನೆಗಳ ಮುಂದೆ ಬಲೆ ಒಣಗುತ್ತಿರುತ್ತದೆ. ಮಟ್ಟು ಗುಳ್ಳ ಎಂಬ ಹೆಸರುವಾಸಿ ಬದನೆ ಬೆಳೆಯುವುದು ಇಲ್ಲಿಯೇ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ದೂರದಿಂದಲೇ ಗುರಿಯಾಗಿ ಕಾಣುತ್ತದೆ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ದಾರಿ ಇದು. ಕಾಪುವಿನಿಂದ ಮಂಗಳೂರಿಗೆ ಉಳಿಯುವ ಸುಮಾರು 40 ಕಿ.ಮೀ.ಯಲ್ಲಿ ಸುರತ್ಕಲ್ ನಂತರ ವಾಹನ ದಟ್ಟಣೆ ವಿಪರೀತ. ಭಾನುವಾರದ ಬೆಳಿಗ್ಗೆ ನಗರ ಪ್ರವೇಶಿಸುವಂತೆ ಹಿಂದಿನ ದಿನಗಳನ್ನು ಹೊಂದಿಸಿಕೊಳ್ಳಿ.

ಹೆದ್ದಾರಿ 66 ಅಪಾಯಕಾರಿಯಲ್ಲವೇ?

ಹೌದು, ಮತ್ತು ಅದನ್ನು ಮುಚ್ಚಿಟ್ಟು ಯಾರನ್ನೂ ಹುರಿದುಂಬಿಸಬಾರದು. ಅಗಲವಾದ ರಸ್ತೆಯಲ್ಲಿ ವಾಹನಗಳ ವೇಗ ಹೆಚ್ಚು, ಸರ್ವಿಸ್ ರಸ್ತೆ ಅಲ್ಲಲ್ಲಿ ದಿಢೀರನೆ ಮುಗಿಯುತ್ತದೆ, ಬೈಕುಗಳು ಎದುರಿನಿಂದ ತಪ್ಪು ಬದಿಯಲ್ಲಿ ಬರುತ್ತವೆ. ಸೇತುವೆಗಳ ಮೇಲೆ ಅಂಚೇ ಇರುವುದಿಲ್ಲವಾದ್ದರಿಂದ ಹಿಂದೆ ಲಾರಿಯ ಸದ್ದು ಕೇಳಿದರೆ ಸೇತುವೆಗೆ ಮೊದಲೇ ನಿಂತು ದಾರಿ ಕೊಡಿ. ಹ್ಯಾಂಡಲಿಗೆ ಕನ್ನಡಿ ಹಾಕಿಸಿ. ಕುತ್ತಿಗೆ ಸಲೀಸಾಗಿ ಹೊರಳದ ವಯಸ್ಸಿನಲ್ಲಿ ಹೆಲ್ಮೆಟ್ಟಿನಷ್ಟೇ ಅದೂ ಮುಖ್ಯ.

ನಮ್ಮ ಕಡೆಯವರಿಗೆ ಹೊಳೆಯದ ಅಪಾಯ ಇನ್ನೊಂದಿದೆ. ಬಂದರುಗಳಿಂದ ಹೊರಡುವ ಮೀನಿನ ಲಾರಿಗಳು ಮಂಜುಗಡ್ಡೆ ಕರಗಿದ ನೀರನ್ನು ರಸ್ತೆಯ ಮೇಲೆ ಸುರಿಸುತ್ತ ಹೋಗುತ್ತವೆ. ಅದರಲ್ಲಿ ಮೀನಿನ ಜಿಡ್ಡಿರುತ್ತದೆ. ಬೆಳಗಿನ ಹೊತ್ತು ತಿರುವಿನಲ್ಲಿ ಕಪ್ಪು ಪಟ್ಟಿಯೊಂದು ಹೊಳೆಯುವುದು ಕಂಡರೆ ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೆಟ್ಟಗೆ ದಾಟಿ. ಕುಂದಾಪುರದ ಬಳಿ ನಾನು ಮೊಣಕೈ ತರಚಿಕೊಂಡು ಕಲಿತ ಪಾಠ ಇದು.

ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಇವನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಚೀಟಿಯ ಮೇಲೂ ಬರೆದು, ರಕ್ತದ ಗುಂಪು ಮತ್ತು ಮಾತ್ರೆಗಳ ಹೆಸರಿನ ಜೊತೆ ಜೇಬಿನಲ್ಲಿಡಿ.

ಯಾವ ಸೈಕಲ್ ಬೇಕು? ಮನೆಯಲ್ಲಿರುವ ಹಳೆಯ ಸೈಕಲ್ ನಡೆಯುವುದಿಲ್ಲವೇ?

ಗೇರಿಲ್ಲದ ಹಳೆಯ ಸೈಕಲ್ಲಿನಲ್ಲಿ ಹರೆಯದವರು ಹೋದಾರು, ಮೊಣಕಾಲಿನ ಚಿಂತೆ ಇರುವವರು ಹೋಗಬಾರದು. ದುಬಾರಿ ಸೈಕಲ್ಲೇ ಬೇಕೆಂದಿಲ್ಲ. ಮುಂದಿನ ಅತಿ ಸಣ್ಣ ಹಲ್ಲುಚಕ್ರಕ್ಕಿಂತ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಹೆಚ್ಚು ಹಲ್ಲುಗಳಿರಲಿ, ಆಗ ಭಾರದೊಂದಿಗೂ ಏರನ್ನು ಕುಳಿತೇ ಹತ್ತಬಹುದು. ಟೈರು 35ರಿಂದ 40 ಮಿ.ಮೀ. ಅಗಲವಿರಲಿ, ಹಿಂದೆ ಗಟ್ಟಿಯಾದ ಕ್ಯಾರಿಯರ್ ಕೂರಿಸಲು ಚೌಕಟ್ಟಿನಲ್ಲಿ ತೂತುಗಳಿರಲಿ. ಬೆನ್ನು ಬಹಳ ಬಾಗಿಸುವ ರೇಸಿಂಗ್ ಹ್ಯಾಂಡಲ್ ಬೇಡ. ಸೀಟಿನ ಎತ್ತರಕ್ಕೆ ಸರಳ ಅಳತೆ ಇದೆ: ಪೆಡಲ್ ಕೆಳತುದಿಯಲ್ಲಿರುವಾಗ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೇರವಾಗಬೇಕು, ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ನಮ್ಮಲ್ಲಿ ನೆಲಕ್ಕೆ ಕಾಲು ತಾಗಲೆಂದು ಸೀಟು ತಗ್ಗಿಸುವುದೇ ಮೊಣಕಾಲು ನೋವಿಗೆ ಮುಖ್ಯ ಕಾರಣ.

ಟ್ಯೂಬಿನ ವಾಲ್ವ್ ಬೈಕಿನದರಂತಿದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಹವಾ ಸಿಗುತ್ತದೆ. ತೆಳುವಾದ ವಾಲ್ವ್ ಇದ್ದರೆ ಅದಕ್ಕೊಂದು ಅಡಾಪ್ಟರ್ ಒಯ್ಯಿರಿ.

ಬ್ಯಾಟರಿ ಸೈಕಲ್ ಆಗಬಹುದೇ?

ಧಾರಾಳವಾಗಿ ಆಗಬಹುದು. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ಪರವಾನಗಿಯಾಗಲಿ ನೋಂದಣಿಯಾಗಲಿ ಬೇಕಿಲ್ಲ. ಬ್ಯಾಟರಿ ಮುಗಿದ ಮೇಲೆ ಆ ಭಾರವನ್ನು ಎಳೆಯುವ ಶಕ್ತಿ ಇದೆಯೇ ಎಂದು ಊರಿನಲ್ಲೇ ಪರೀಕ್ಷಿಸಿಕೊಳ್ಳಿ.

ನಮ್ಮೂರಿನಲ್ಲಿದ್ದುಕೊಂಡು ತಯಾರಿ ಹೇಗೆ?

ಮೂರು ತಿಂಗಳು ಸಾಕು. ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ, ಹತ್ತರಿಂದ ಹದಿನೈದು ಕಿ.ಮೀ. ಕೊಪ್ಪಳದವರಿಗೆ ಕಿನ್ನಾಳದ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎರಡನೆಯ ತಿಂಗಳು ವಾರಕ್ಕೊಂದು ಉದ್ದನೆಯ ಸವಾರಿ ಸೇರಿಸಿ. ಹುಲಿಗಿಯವರೆಗೆ ಹೋಗಿ, ಅಮ್ಮನ ದರ್ಶನ ಮಾಡಿ ಮರಳಬಹುದು. ಕುಕನೂರಿನ ಮೇಲೆ ಇಟಗಿಗೆ ಹೋದರೆ 1112ರ ಮಹಾದೇವ ದೇವಾಲಯದ ತಂಪು ಕಂಬಗಳ ನಡುವೆ ಬೆನ್ನು ಚಾಚಿ ವಿಶ್ರಮಿಸಬಹುದು. ಗಂಗಾವತಿಯವರಿಗೆ ಆನೆಗೊಂದಿಯ ಏರಿಳಿತದ ದಾರಿ ಇದೆ, ಹೊಸಪೇಟೆಯವರಿಗೆ ಸಂಡೂರಿನ ಏರಿದೆ. ಸಂಡೂರಿನಲ್ಲಿ ಅದಿರಿನ ಲಾರಿಗಳ ಬಗ್ಗೆ ಎಚ್ಚರವಿರಲಿ. ರಾಯಚೂರಿನ ಬಯಲಿನಲ್ಲಿ ಏರು ಸಿಗದವರು ಎದುರು ಗಾಳಿಯಲ್ಲಿ ತುಳಿಯಲಿ, ಕಾಲಿಗೆ ಅದೂ ಏರೇ.

ಮೂರನೆಯ ತಿಂಗಳು ಸಾಮಾನು ಹೇರಿಕೊಂಡು ಸತತ ಮೂರು ದಿನ ತುಳಿಯಿರಿ. ಒಂದು ದಿನ 60 ಕಿ.ಮೀ. ತುಳಿಯುವುದು ದೊಡ್ಡದಲ್ಲ. ಮೂರನೆಯ ಬೆಳಿಗ್ಗೆ ಮತ್ತೆ ಸೀಟಿನ ಮೇಲೆ ಕೂರಲು ಮನಸ್ಸು ಬರುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ಏನೇನು ಒಯ್ಯಬೇಕು?

ಚೀಲ, ನೀರು ಎಲ್ಲ ಸೇರಿ 10 ಕಿಲೋ ಮೀರಬಾರದು. ತುಳಿಯುವ ಬಟ್ಟೆ ಎರಡು ಜೊತೆ, ಸಂಜೆಗೆ ಒಂದು ಜೊತೆ, ಒಂದು ತೆಳುವಾದ ಪಂಚೆ. ಪಂಚೆ ಹೊದಿಕೆಯಾಗುತ್ತದೆ, ಟವೆಲ್ಲಾಗುತ್ತದೆ, ಬಿಸಿಲಿಗೆ ತಲೆಗೂ ಆಗುತ್ತದೆ. ಎರಡು ಟ್ಯೂಬು, ಪಂಕ್ಚರ್ ಸಾಮಗ್ರಿ, ಸಣ್ಣ ಪಂಪು, ಅಲೆನ್ ಕೀಲಿಗಳು, ಚೈನಿನ ಜೋಡುಕೊಂಡಿ, ಬ್ರೇಕ್ ರಬ್ಬರ್ ಒಂದು ಜೊತೆ ಮತ್ತು ಗೇರನ್ನು ಚೌಕಟ್ಟಿಗೆ ಜೋಡಿಸುವ ಹ್ಯಾಂಗರ್ ಎಂಬ ಸಣ್ಣ ತುಂಡು ಇರಲಿ. ಈ ಕೊನೆಯದು ಒಂದೊಂದು ಸೈಕಲ್ಲಿಗೆ ಒಂದೊಂದು ಅಚ್ಚಿನದು, ದಾರಿಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಮಾತ್ರೆಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಚೀಲಗಳಲ್ಲಿಡಿ.

ಉಪ್ಪು ಗಾಳಿಯಿಂದ ಸೈಕಲ್ ಹಾಳಾಗುವುದಿಲ್ಲವೇ?

ಗಮನಿಸದಿದ್ದರೆ ನಾಲ್ಕೇ ದಿನದಲ್ಲಿ ಚೈನು ಕೆಂಪಗಾಗುತ್ತದೆ. ದಿನವೂ ವಸತಿ ಸೇರಿದ ಮೇಲೆ ಅರ್ಧ ಬಕೆಟ್ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಚೌಕಟ್ಟು, ರಿಮ್ಮು, ನಟ್ಟುಗಳನ್ನು ಒರೆಸಬೇಕು. ಚೈನನ್ನು ಒಣಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿಬಿಡಬೇಕು. ಕುಮಟಾದಲ್ಲಿ ಮೊದಲ ದಿನ ಒರೆಸಿದಾಗ ಬಿಳಿ ಬಟ್ಟೆಯ ಮೇಲೆ ಕರಿ ಎಣ್ಣೆಯ ಜೊತೆ ಉಪ್ಪಿನ ಹರಳುಗಳೂ ಬಂದವು. ಮರಳಿನ ಮೇಲೆ ಸೈಕಲ್ ಓಡಿಸಿ ಚಿತ್ರ ತೆಗೆಸಿಕೊಳ್ಳುವ ಆಸೆಯನ್ನು ದಯವಿಟ್ಟು ಬಿಡಿ. ನೀರಂಚಿನ ಮರಳು ಬೇರಿಂಗಿನೊಳಗೆ ಸೇರಿದರೆ ಬಿಚ್ಚಿ ತೊಳೆಯದೆ ಹೋಗುವುದಿಲ್ಲ.

ಊಟ ಮತ್ತು ನೀರಿನ ವ್ಯವಸ್ಥೆ ಹೇಗೆ?

ಜೋಳದ ರೊಟ್ಟಿ ಇಲ್ಲದೆ ಹೇಗೆ ಎಂಬುದು ಎಲ್ಲರ ಮೊದಲ ಚಿಂತೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ನಾಲ್ಕು ದಿನಕ್ಕಾಗುವಷ್ಟು ಒಯ್ಯಬಹುದು. ಆಮೇಲೆ ಆ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ. ಬೆಳಿಗ್ಗೆ ಹೊರಡುವಾಗ ಎರಡು ಬಾಳೆಹಣ್ಣು, ಒಂದು ಶೇಂಗಾ ಉಂಡಿ, ಎಂಟೂವರೆಗೆ ಇಡ್ಲಿ ಅಥವಾ ನೀರುದೋಸೆ, ಹನ್ನೊಂದರ ಮೇಲೆ ನೆಮ್ಮದಿಯ ಊಟ. ಕುಚ್ಚಲಕ್ಕಿ ಗಂಜಿ, ಮೇಲೊಂದಿಷ್ಟು ಉಪ್ಪಿನಕಾಯಿ ಸಿಕ್ಕಿದರೆ ಬಿಡಬೇಡಿ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಅದರಲ್ಲಿ ಮರಳುತ್ತವೆ.

ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿಯುವುದು ವಯಸ್ಸಾದವರಿಗೆ ಒಳ್ಳೆಯದಲ್ಲ, ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಮಂಕಾಗುತ್ತದೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಿ. ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಇದನ್ನು ವೈದ್ಯರಲ್ಲಿ ಕೇಳಿಯೇ ಕುಡಿಯಬೇಕು.

ತಂಗಲು ಸ್ಥಳ ಸಿಗುತ್ತದೆಯೇ?

ಸಿಗುತ್ತದೆ. ಗೋಕರ್ಣ, ಮುರ್ಡೇಶ್ವರ, ಉಡುಪಿ ಯಾತ್ರಾಸ್ಥಳಗಳಾದ್ದರಿಂದ ಎಲ್ಲ ದರದ ಕೋಣೆಗಳಿವೆ. ಹಿಂದಿನ ಸಂಜೆಯೇ ಫೋನ್ ಮಾಡಿ ಎರಡು ಮಾತು ಕೇಳಿ: ಬೆಳಿಗ್ಗೆ ಹನ್ನೊಂದಕ್ಕೆ ಕೋಣೆ ಕೊಡುವಿರಾ, ಸೈಕಲ್ಲನ್ನು ಒಳಗೆ ಇಡಬಹುದೇ. ಡಿಸೆಂಬರ್ ಕೊನೆಯ ವಾರ ಮತ್ತು ಶನಿವಾರಗಳಲ್ಲಿ ದರ ಏರುತ್ತದೆ, ಕೋಣೆಯೂ ಸಿಗುವುದಿಲ್ಲ.

ಮನೆಯವರು ಒಪ್ಪುತ್ತಿಲ್ಲ. ಏನು ಹೇಳಲಿ?

ಅವರ ಭಯಕ್ಕೆ ಕಾರಣವಿದೆ, ವಾದಿಸಿ ಗೆಲ್ಲುವ ವಿಷಯವಲ್ಲ ಇದು. ತಯಾರಿಯ ಮೂರು ತಿಂಗಳನ್ನು ಅವರ ಕಣ್ಣೆದುರೇ ಕಳೆಯಿರಿ, ವೈದ್ಯರ ಬಳಿಗೆ ಅವರನ್ನೂ ಕರೆದೊಯ್ಯಿರಿ. ಒಬ್ಬರೇ ಹೋಗಬೇಡಿ. ಸಮಾನ ವಯಸ್ಸಿನ ಒಬ್ಬರಾದರೂ ಜೊತೆಗಿರಲಿ, ನಿಧಾನಿಗರು ಸದಾ ಮುಂದಿರಲಿ. ನಾನು ದಿನವೂ ಹನ್ನೊಂದೂವರೆಗೆ ಮನೆಗೆ ಫೋನ್ ಮಾಡುತ್ತಿದ್ದೆ. "ಮುಟ್ಟಿದ್ರಿ?" ಎಂದು ಅವರು ಕೇಳುವುದು, "ಮುಟ್ಟೀನಿ" ಎಂದು ನಾನು ಹೇಳುವುದು, ಅಷ್ಟೇ ಮಾತು. ಎರಡನೆಯ ವರ್ಷ ನನ್ನ ಹೆಂಡತಿ ಬಸ್ಸಿನಲ್ಲಿ ಬಂದು ಮುರ್ಡೇಶ್ವರದಲ್ಲಿ ಎರಡು ದಿನ ನಮ್ಮ ಜೊತೆಗಿದ್ದರು.

ಪಿಂಚಣಿಯ ಕೆಲಸ ಮತ್ತು ವಿಮೆ?

ನವೆಂಬರಿನಲ್ಲಿ ಹೊರಡುವ ಪಿಂಚಣಿದಾರರು ಜೀವಂತ ಪ್ರಮಾಣಪತ್ರವನ್ನು ಕೊಟ್ಟೇ ಹೊರಡಬೇಕು. ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮುಖ ತೋರಿಸಿ ಸಲ್ಲಿಸುವ ಸೌಲಭ್ಯವೂ ಇದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 70 ವರ್ಷದವರೆಗಿನವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ. ಅದು ಆಸ್ಪತ್ರೆಯ ಖರ್ಚಿಗಲ್ಲ, ಆದ್ದರಿಂದ ಆರೋಗ್ಯ ವಿಮೆಯ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ.

ಮಂಗಳೂರಿನಿಂದ ಮುಂದೆ ಹೋಗಬಹುದೇ?

ಹೆದ್ದಾರಿ 66 ಮುಂಬೈ ಬಳಿಯ ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ 1,600 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಮಂಗಳೂರಿನಿಂದ ಕನ್ಯಾಕುಮಾರಿಗೆ ಇದೇ ವೇಗದಲ್ಲಿ ಇನ್ನೂ ಮೂರು ವಾರಕ್ಕೂ ಹೆಚ್ಚು ಬೇಕು. ಕೇರಳದಲ್ಲಿ ಊರಿಗೆ ಊರು ಅಂಟಿಕೊಂಡಿರುವುದರಿಂದ ನೀರು, ನೆರಳಿಗೆ ಕೊರತೆಯಿಲ್ಲ, ಆದರೆ ವಾಹನಗಳು ಬಹಳ. ನನ್ನ ಅಭಿಪ್ರಾಯದಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ಮುಗಿಸುವ ಹಟ ಬೇಡ. ಈ ವರ್ಷ ನಿಂತ ಊರಿನಿಂದ ಮುಂದಿನ ವರ್ಷ ಆರಂಭಿಸಿದರಾಯಿತು.

ಮರಳಿ ಬರುವುದು ಹೇಗೆ?

ಮಂಗಳೂರು ಮತ್ತು ವಿಜಯಪುರದ ನಡುವಿನ ರೈಲು ಹುಬ್ಬಳ್ಳಿ, ಗದಗದ ಮೂಲಕ ಹೋಗುತ್ತದೆ. ಗದಗದಲ್ಲಿ ಇಳಿದು ಕೊಪ್ಪಳದ ಗಾಡಿ ಹಿಡಿಯಬಹುದು. ಸೈಕಲ್ಲನ್ನು ಪಾರ್ಸಲ್ಲಿಗೆ ಕೊಡುವ ಮುನ್ನ ಪೆಡಲ್‌ಗಳನ್ನು ಬಿಚ್ಚಿ, ಹ್ಯಾಂಡಲನ್ನು ತಿರುಗಿಸಿ ಕಟ್ಟಿ, ಹಿಂದಿನ ಗೇರಿನ ಮೇಲೆ ದಪ್ಪನೆಯ ರಟ್ಟು ಸುತ್ತಿ, ಹೆಸರು, ನಿಲ್ದಾಣ, ಫೋನ್ ಸಂಖ್ಯೆಯನ್ನು ಎರಡು ಕಡೆ ಬರೆದು ಅಂಟಿಸಿ. ಮೊದಲ ವರ್ಷ ರಟ್ಟು ಸುತ್ತದೆ ಕೊಟ್ಟಿದ್ದರಿಂದ ನನ್ನ ಸೈಕಲ್ಲಿನ ಹ್ಯಾಂಗರ್ ಬಾಗಿ, ಗೇರು ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು. ಗದಗದ ಪ್ಲಾಟ್‌ಫಾರ್ಮಿನ ಬೆಳಕಿನಲ್ಲಿ, ಮೇಲೆ ಹೇಳಿದ ಆ ಸಣ್ಣ ತುಂಡನ್ನು ಬದಲಿಸಿಕೊಂಡು, ಮರುದಿನ ಮುಂಜಾನೆ ಊರಿನ ನಿಲ್ದಾಣದಿಂದ ಮನೆಗೆ ತುಳಿದುಕೊಂಡೇ ಬಂದೆ.